ಕಾಲುಚೀಲದ ಹಿಮ್ಮಡಿ ದಾಟಿದ ಮೇಲೆ ಪಟ್ಟೆ ಯಾಕೆ ಕೆಟ್ಟಿತು? ಬಿಚ್ಚಬೇಕೇ, ಬಿಡಬೇಕೇ?

ಪ್ರಶ್ನೆ: ಮೇಡಂ, ನಾನು ಮಂಡ್ಯದವಳು. 30 ವರ್ಷದಿಂದ ಸ್ವೆಟರ್, ಟೋಪಿ, ಮಫ್ಲರ್ ಹೆಣೆಯುತ್ತಿದ್ದೇನೆ, ಆದರೆ ಎಲ್ಲವೂ ಎರಡು ಕಡ್ಡಿಯಲ್ಲಿ. ಮಗಳು ಜರ್ಮನಿಯಿಂದ ಬರುವಾಗ ಕಾಲುಚೀಲದ ನೂಲಿನ ಒಂದು ಉಂಡೆ ತಂದುಕೊಟ್ಟಳು. ಹೆಣೆಯುತ್ತಾ ಹೋದರೆ ತಾನಾಗೇ ಪಟ್ಟೆ ಬರುವಂಥದ್ದು. ಲೇಬಲ್ ಮೇಲೆ 100 ಗ್ರಾಂ, 420 ಮೀಟರ್, ಉಣ್ಣೆ 75%, ಪಾಲಿಅಮೈಡ್ (ನೈಲಾನ್) 25%, ಕಡ್ಡಿ 2.5 ಮಿ.ಮೀ. ಎಂದಿದೆ. ಐದು ಕಡ್ಡಿಯ ಸೆಟ್ ತರಿಸಿ, 64 ಕುಣಿಕೆ ಹಾಕಿ, ಯಜಮಾನರಿಗೆ (8ನೇ ನಂಬರ್ ಪಾದ) ಒಂದು ಕಾಲಿನದ್ದು ಮುಗಿಸಿದೆ. ಕಣಕಾಲಿನ ತನಕ ಅರಿಶಿನ, ಹಸಿರು, ನೀಲಿ, ಕೆಂಪು ಎಂಟೆಂಟು ಸುತ್ತಿನಂತೆ ಚೆನ್ನಾಗಿ ಬಂತು. ಹಿಮ್ಮಡಿಯಲ್ಲಿ ಒಂದೇ ಬಣ್ಣ ಎರಡರಷ್ಟು ಅಗಲವಾಯಿತು. ಅದು ಮುಗಿದ ಮೇಲೆ ಪಟ್ಟೆ ಸಣ್ಣದಾಯಿತು, ಪಾದದ ಮೇಲೆ ಹಸಿರು ಅರ್ಧಕ್ಕೇ ನಿಂತು ಕೆಂಪು ಶುರುವಾಯಿತು. ಪಾದದ ನಡುವೆ ನೂಲಿನಲ್ಲೇ ಒಂದು ಗಂಟು ಸಿಕ್ಕಿತು. ನೀಲಿ ಮೂರು ಸುತ್ತು ಆಗಿ, ಗಂಟಿನ ಆಚೆ ಕೆಂಪಿನ ಬದಲು ಅರಿಶಿನ ಬಂತು. ಎರಡನೆಯದನ್ನು ಉಂಡೆಯ ಹೊರಗಿನ ತುದಿಯಿಂದ ಶುರು ಮಾಡಿದರೆ ಬಣ್ಣಗಳು ಹಿಂದುಮುಂದಾಗಿ ಬಂದವು. 20 ಸುತ್ತಿಗೇ ಬಿಚ್ಚಿಟ್ಟೆ. ಮುಗಿದದ್ದು 36 ಗ್ರಾಂ ತೂಗುತ್ತದೆ, ಉಳಿದ ನೂಲು 64 ಗ್ರಾಂ ಇದೆ. ಪಕ್ಕದ ಮನೆಯವರು ‘ಬಣ್ಣ ಹಾಕಿದ್ದೇ ಸರಿಯಿಲ್ಲ’ ಅನ್ನುತ್ತಾರೆ. ನಾದಿನಿ ‘ನಮ್ಮ ಸೆಕೆಗೆ ಉಣ್ಣೆ ಕಡಿಯುತ್ತೆ, ಒಂದು ಸಲ ಒಗೆದರೆ ಮಗುವಿನ ಕಾಲಿಗೂ ಆಗಲ್ಲ’ ಅನ್ನುತ್ತಾಳೆ. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಬೆಳಗ್ಗೆ ನಾಲೆ ಏರಿ ಮೇಲೆ ವಾಕಿಂಗ್ ಹೋಗುತ್ತಾರೆ. ಮೊದಲನೆಯದನ್ನೂ ಬಿಚ್ಚಿ ಹೊಸದಾಗಿ ಶುರು ಮಾಡಲೇ?

ಉತ್ತರ: ಬಿಚ್ಚಬೇಡಿ. ನಿಮ್ಮ ಕೈಯೂ ತಪ್ಪಿಲ್ಲ, ನೂಲೂ ಕೆಟ್ಟದ್ದಲ್ಲ. ನೀವು ಅಷ್ಟು ಲಕ್ಷ್ಯವಿಟ್ಟು ಸುತ್ತು ಎಣಿಸಿ, ತೂಕ ಮಾಡಿ ಬರೆದದ್ದರಿಂದ ಎಲ್ಲಿ ಏನಾಗಿದೆ ಎಂದು ಲೆಕ್ಕ ಹಾಕಿಯೇ ಹೇಳಬಹುದು. ಒಂದೇ ಒಂದು ಕಡೆ ಸಣ್ಣ ರಿಪೇರಿ ಬೇಕು, ಗಂಟು ಇರುವ ಜಾಗದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ಬಣ್ಣ ಸರಿಯಿಲ್ಲ’ ಎಂಬ ಮಾತು. ಈ ನೂಲಿನಲ್ಲಿ ಪಟ್ಟೆ ಇರುವುದಿಲ್ಲ, ಉದ್ದ ಮಾತ್ರ ಇರುತ್ತದೆ. ಇಷ್ಟು ಮೀಟರ್ ಅರಿಶಿನ, ಇಷ್ಟು ಮೀಟರ್ ಹಸಿರು ಎಂದು ಅಳೆದು ಬಣ್ಣ ಹಾಕಿರುತ್ತಾರೆ. ಕೈಯಲ್ಲಿ ಬಣ್ಣ ಹಾಕುವವರು ಇದಕ್ಕಾಗಿಯೇ ಹತ್ತಾರು ಮೀಟರ್ ಸುತ್ತಳತೆಯ ದೊಡ್ಡ ಲಡಿ ಮಾಡಿಕೊಂಡು ಒಂದೊಂದು ಭಾಗವನ್ನು ಒಂದೊಂದು ಬಣ್ಣದಲ್ಲಿ ಅದ್ದುತ್ತಾರೆ. ಆ ಉದ್ದವನ್ನು ಪಟ್ಟೆ ಮಾಡುವುದು ನಿಮ್ಮ ಕಡ್ಡಿಯ ಮೇಲಿರುವ ಕುಣಿಕೆಗಳ ಸಂಖ್ಯೆ.

ಒಂದು ಮೊಳ ಮಲ್ಲಿಗೆ, ಒಂದು ಮೊಳ ಕನಕಾಂಬರ ಎಂದು ಸರದಿಯಲ್ಲಿ ಕಟ್ಟಿದ ಉದ್ದನೆಯ ಮಾಲೆಯನ್ನು ನೆನೆಸಿಕೊಳ್ಳಿ. ತೆಳು ಜಡೆಗೆ ಸುತ್ತಿದರೆ ಒಂದು ಮೊಳ ಮಲ್ಲಿಗೆ ನಾಲ್ಕಾರು ಸುತ್ತು ಬಂದು ಬಿಳಿ ಭಾಗ ಅಗಲವಾಗಿ ಕಾಣುತ್ತದೆ. ಅದೇ ಮಾಲೆಯನ್ನು ದೊಡ್ಡ ತುರುಬಿಗೆ ಸುತ್ತಿದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಕನಕಾಂಬರ ಬಂದುಬಿಡುತ್ತದೆ. ಹೂ ಕಟ್ಟಿದವರ ತಪ್ಪು ಅಲ್ಲಿ ಏನೂ ಇಲ್ಲ.

ಈಗ ನಿಮ್ಮ ಲೆಕ್ಕ. ಈ ದಪ್ಪದ ನೂಲನ್ನು 2.5 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 30 ಕುಣಿಕೆ, 42 ಸುತ್ತು ಬರುವಂತೆ ಹೆಣೆದರೆ ಒಂದು ಕುಣಿಕೆ ಸುಮಾರು ಒಂದೂಕಾಲು ಸೆಂ.ಮೀ. ನೂಲು ತಿನ್ನುತ್ತದೆ. 64 ಕುಣಿಕೆಯ ಒಂದು ಸುತ್ತಿಗೆ ಸುಮಾರು 80 ಸೆಂ.ಮೀ. ನಿಮಗೆ ಎಂಟು ಸುತ್ತು ಬಂದಿದೆ, ಅಂದರೆ ಒಂದು ಬಣ್ಣದ ಉದ್ದ ಸುಮಾರು ಆರೂವರೆ ಮೀಟರ್. ನಾಲ್ಕು ಬಣ್ಣ ಸೇರಿ ಒಂದು ಆವರ್ತಕ್ಕೆ 26 ಮೀಟರ್. ನಿಮ್ಮ ನೂಲು ಗ್ರಾಂಗೆ 4.2 ಮೀಟರ್ ಆದ್ದರಿಂದ ಒಂದು ಆವರ್ತ 6 ಗ್ರಾಂಗಿಂತ ಸ್ವಲ್ಪ ಹೆಚ್ಚು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕು. ನಿಮ್ಮ ಕೈ ಬಿಗಿಯೋ ಸಡಿಲವೋ ಎಂಬುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಖಚಿತ ಬೇಕಿದ್ದರೆ ನೂಲಿನ ಮೇಲೆ 5 ಮೀಟರ್ ಅಳೆದು ಎರಡು ಕಡೆ ಹೊಲಿಗೆ ದಾರದ ಗುರುತು ಕಟ್ಟಿ, ಅಷ್ಟರಲ್ಲಿ ಎಷ್ಟು ಸುತ್ತು ಬರುತ್ತದೆ ಎಂದು ಎಣಿಸಿ.

ಹಿಮ್ಮಡಿಗೆ ನೀವು ಮಾಡಿದ್ದು ಫ್ಲ್ಯಾಪ್ ವಿಧಾನ ಇರಬೇಕು, ಹಿಂಭಾಗವನ್ನು ಮಾತ್ರ ಪಟ್ಟಿಯಂತೆ ಹೆಣೆಯುವುದು. 64ರಲ್ಲಿ 32 ಕುಣಿಕೆ ಮಾತ್ರ ತೆಗೆದುಕೊಂಡು, ಹೋಗುವ ಸಾಲಿನಲ್ಲಿ ಒಂದನ್ನು ಹೆಣೆಯದೆ ಜಾರಿಸಿ ಒಂದನ್ನು ಹೆಣೆದು, ಬರುವ ಸಾಲನ್ನು ಪೂರ್ತಿ ಹೆಣೆಯುತ್ತಾ ಹಿಂದೆ ಮುಂದೆ 32 ಸಾಲು. ಸಾಲಿನ ಉದ್ದ ಅರ್ಧವಾಯಿತು, ಜಾರಿಸಿದ ಕುಣಿಕೆಗಳು ಹೆಚ್ಚು ನೂಲು ತಿನ್ನಲಿಲ್ಲ. ಹೀಗೆ ಒಂದು ಸಾಲಿಗೆ 33 ಸೆಂ.ಮೀ. ಆಸುಪಾಸು ಸಾಕಾಯಿತು. ಆರೂವರೆ ಮೀಟರ್ ಬಣ್ಣ 19-20 ಸಾಲಿನ ತನಕ ಎಳೆಯಿತು. ನಿಮಗೆ ಎರಡರಷ್ಟು ಅಗಲ ಕಂಡದ್ದು ಇದೇ.

ಫ್ಲ್ಯಾಪ್ ಮುಗಿಸಿ, ಕುಣಿಕೆ ಕಡಿಮೆ ಮಾಡುತ್ತಾ ಹಿಮ್ಮಡಿಯನ್ನು ಪಾದದ ಕಡೆಗೆ ತಿರುಗಿಸಿದಾಗ ಕಡ್ಡಿಯ ಮೇಲೆ 18 ಉಳಿದಿರುತ್ತದೆ. ಎರಡು ಅಂಚಿನಿಂದ 16-16 ಎತ್ತಿಕೊಂಡು, ಕಾದಿದ್ದ 32 ಸೇರಿಸಿದರೆ ಒಟ್ಟು 82. ಈಗ ಒಂದು ಸುತ್ತಿಗೆ ಒಂದು ಮೀಟರಿಗೂ ಹೆಚ್ಚು ನೂಲು ಬೇಕು, ಹಾಗಾಗಿ ಎಂಟು ಸುತ್ತಿನ ಪಟ್ಟೆ ಆರಕ್ಕೆ ಇಳಿಯುತ್ತದೆ. ಎತ್ತಿಕೊಂಡ ಅಂಚಿನಿಂದ ಹಿಮ್ಮಡಿಯ ಎರಡೂ ಬದಿಗೆ ಮೂಡುವ ಪಕ್ಕದ ತ್ರಿಕೋನದಲ್ಲಿ ಕುಣಿಕೆ ಕಡಿಮೆ ಮಾಡುತ್ತಾ ಮತ್ತೆ 64ಕ್ಕೆ ಬಂದಾಗ ಪಟ್ಟೆಯೂ ಎಂಟಕ್ಕೆ ಬರುತ್ತದೆ. ಬೆರಳ ತುದಿಯಲ್ಲಿ ಕುಣಿಕೆ ಕಡಿಮೆಯಾದಂತೆ ಪುನಃ ಅಗಲವಾಗುತ್ತದೆ, ಅದು ಎಲ್ಲರ ಕಾಲುಚೀಲದಲ್ಲೂ ಹಾಗೆಯೇ.

ಪಾದದ ಮೇಲೆ ಹಸಿರು ಅರ್ಧಕ್ಕೆ ನಿಂತು ಕೆಂಪು ಶುರುವಾದದ್ದು ಬೇರೆ ಕಾರಣಕ್ಕೆ. ಹಿಮ್ಮಡಿ ಹೆಣೆಯುವಾಗ ಮುಂಭಾಗದ 32 ಕುಣಿಕೆ ಹಸಿರಿನಲ್ಲೇ ಸುಮ್ಮನೆ ಕಾಯುತ್ತಾ ಕೂತಿದ್ದವು. ಅಷ್ಟರಲ್ಲಿ ಫ್ಲ್ಯಾಪಿಗೆ ಹತ್ತೂವರೆ ಮೀಟರ್, ತಿರುಗಿಸಿ ಅಂಚು ಎತ್ತಿಕೊಳ್ಳಲು ಎರಡೂವರೆ, ಒಟ್ಟು ಸುಮಾರು 13 ಮೀಟರ್ ಖರ್ಚಾಯಿತು. ಸರಿಯಾಗಿ ಎರಡು ಬಣ್ಣದಷ್ಟು. ಹಸಿರಿನ ನಡುವೆ ನಿಂತವರು ಕೆಂಪಿನ ನಡುವೆ ಎದ್ದಿರಿ.

ಒಂದು ಮಾತು ಸೇರಿಸುತ್ತೇನೆ, ಮೊದಲ ಸಲ ಈ ನೂಲು ಹಿಡಿದವರು ಇದನ್ನೂ ದೋಷ ಅಂದುಕೊಳ್ಳುತ್ತಾರೆ: ಬಣ್ಣ ಬದಲಾಗುವುದು ಸುತ್ತಿನ ಆರಂಭದಲ್ಲೇ ಅಲ್ಲ, ಎಲ್ಲಿ ಬೇಕಾದರೂ. ಸುತ್ತು ಹೆಣೆಯುವುದು ಸುರುಳಿ ಏರಿದಂತೆ. ಒಂದೊಂದು ಬಣ್ಣ ಒಂದೊಂದು ಕಡೆ ಮುಗಿಯುವುದರಿಂದಲೇ ಮೆಟ್ಟಿಲಿನಂಥ ಗೆರೆ ಒಂದೇ ಕಡೆ ಸಾಲಾಗಿ ಕಾಣುವುದಿಲ್ಲ. ಪಟ್ಟೆಯ ಅಗಲ ಕುಣಿಕೆಯ ಸಂಖ್ಯೆಯ ಮೇಲೆ ನಿಂತಿರುವುದರಿಂದ ಈ ನೂಲು ಸ್ವೆಟರಿಗೆ ಆಗಿಬರುವುದಿಲ್ಲ. ಎದೆಯ ಸುತ್ತ 240 ಕುಣಿಕೆ ಇದ್ದರೆ ಒಂದು ಬಣ್ಣ ಎರಡೇ ಸುತ್ತಿಗೆ ಮುಗಿದು ಬರೀ ಗೀರು ಬಿದ್ದಂತೆ ಆಗುತ್ತದೆ. ಅದೇ 40 ಕುಣಿಕೆಯ ಮಗುವಿನ ಕಾಲುಚೀಲದಲ್ಲಿ 13 ಸುತ್ತಿನ ದಪ್ಪ ಪಟ್ಟೆ ಬರುತ್ತದೆ.

ಹಿಂದುಮುಂದಾದ ಬಣ್ಣದ ಪ್ರಶ್ನೆ ಸುಲಭದ್ದು. ಮೊದಲನೆಯದನ್ನು ನೀವು ಉಂಡೆಯ ಒಳಗಿನ ತುದಿಯಿಂದ ಹೆಣೆದಿರಬೇಕು. ಎರಡನೆಯದನ್ನು ಹೊರಗಿನಿಂದ ಹಿಡಿದಿರಿ. ಅರಿಶಿನ, ಹಸಿರು, ನೀಲಿ, ಕೆಂಪು ಎಂಬ ಸಾಲನ್ನು ಬಾಲದಿಂದ ಓದಿದರೆ ಅರಿಶಿನ, ಕೆಂಪು, ನೀಲಿ, ಹಸಿರು ಆಗಲೇಬೇಕು. ಮೊದಲನೆಯದು ಮುಗಿಸಿ ನೂಲು ಕತ್ತರಿಸಿದಿರಲ್ಲ, ಆ ಕತ್ತರಿಸಿದ ತುದಿಯಿಂದಲೇ ಮುಂದುವರಿದರೆ ದಿಕ್ಕು ತಪ್ಪುವುದಿಲ್ಲ. ಆ ತುದಿ ಉಂಡೆಯ ಹೊಟ್ಟೆಯಲ್ಲಿ ಸಿಕ್ಕುಬಿದ್ದು ಸಿಗದಿದ್ದರೆ, ಹೊರಗಿನ ತುದಿ ಹಿಡಿದು ಇಡೀ ನೂಲನ್ನು ಹೊಸ ಉಂಡೆಯಾಗಿ ಸುತ್ತಿ. ಹೊರಗಿನದು ಹೊಸ ಉಂಡೆಯ ಒಳಗೆ ಹೋಗುತ್ತದೆ, ನಿಮಗೆ ಬೇಕಾದ ತುದಿ ಹೊರಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹೆಣೆಯಿರಿ. ಸಡಿಲವಾಗಿ ಸುತ್ತಿ, ಬಿಗಿದು ಸುತ್ತಿದರೆ ನೂಲು ಹಿಗ್ಗಿಕೊಂಡೇ ಇದ್ದು, ಒಗೆದ ಮೇಲೆ ಕಾಲುಚೀಲ ಕಿರಿದಾಗುತ್ತದೆ. ಹೀಗೆ ಸುತ್ತುವಾಗ ಇನ್ನೆಲ್ಲಾದರೂ ಗಂಟು ಇದ್ದರೆ ಅದೂ ಕೈಗೆ ಸಿಗುತ್ತದೆ. ಬಿಚ್ಚಿದ 20 ಸುತ್ತಿನ ನೂಲು ಈಗ ಸುಕ್ಕುಸುಕ್ಕಾಗಿರುತ್ತದೆ. ಆ 16 ಮೀಟರನ್ನು ಮೊದಲೇ ಕುರ್ಚಿಯ ಬೆನ್ನಿಗೆ ಸುತ್ತಿ, ಸಡಿಲವಾಗಿ ಎರಡು ಕಡೆ ಕಟ್ಟಿ, ಒದ್ದೆ ಮಾಡಿ ನೆರಳಿನಲ್ಲಿ ಒಣಗಿಸಿಕೊಳ್ಳಿ. ಸುಕ್ಕು ಬಿಡುತ್ತದೆ.

ಎರಡೂ ಕಾಲು ಒಂದೇ ಥರ ಬರಬೇಕಾದರೆ ಶುರುವಿನ ಜಾಗ ಹುಡುಕಬೇಕು. ಮೊದಲ ಕಾಲುಚೀಲದ ಬಾಯಂಚು ನೋಡಿ: ಯಾವ ಬಣ್ಣದಲ್ಲಿ ಶುರುವಾಗಿದೆ, ಎಷ್ಟು ಸುತ್ತಿನ ಮೇಲೆ ಮುಂದಿನ ಬಣ್ಣ ಬಂತು. ಅರಿಶಿನ ಐದು ಸುತ್ತು ಬಂದು ಹಸಿರಾಗಿದೆ ಎಂದು ಇಟ್ಟುಕೊಳ್ಳೋಣ. ಉಂಡೆಯಲ್ಲಿ ಅರಿಶಿನ ಹಸಿರಾಗುವ ಜಾಗ ಹುಡುಕಿ. ಅಲ್ಲಿಂದ ಹಿಂದಕ್ಕೆ ಐದು ಸುತ್ತಿಗೆ 4 ಮೀಟರ್, ಕುಣಿಕೆ ಏರಿಸುವ ಮೊದಲ ಸಾಲಿಗೆ 80 ಸೆಂ.ಮೀ., ಒಟ್ಟು 4.8 ಮೀಟರ್ ಅಳೆದು ಅಲ್ಲಿ ಮೊದಲ ಕುಣಿಕೆಯ ಗಂಟು ಹಾಕಿ. ಉದ್ದ ಬಾಲ ಬಿಟ್ಟು ಕುಣಿಕೆ ಏರಿಸುವ ವಿಧಾನವಾದರೆ ಆ ಬಾಲಕ್ಕೆ ಇನ್ನೊಂದು ಮೀಟರ್ ಹಿಂದಕ್ಕೆ ಬಿಡಿ. ಅರ್ಧ ಸುತ್ತು ಹೆಚ್ಚುಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅತಿ ಕೆಟ್ಟ ಲೆಕ್ಕದಲ್ಲೂ ಒಂದು ಆವರ್ತ, ಅಂದರೆ 6 ಗ್ರಾಂ ಬದಿಗಿಡಬೇಕಾಗುತ್ತದೆ. 64ರಲ್ಲಿ 6 ಹೋದರೆ 58, ನಿಮಗೆ ಬೇಕಾದದ್ದು 36. ನೂಲು ಸಾಲದೇ ಹೋಗುವ ಭಯ ಇಲ್ಲ. ಜೋಡಿ ಒಂದೇ ಥರ ಬರಲಿ ಎಂದೇ ಮಾಡಿದ ನೂಲೂ ಇದೆ. ರೆಜಿಯಾ ಎಂಬ ಬ್ರ್ಯಾಂಡಿನ ಪೇರ್‌ಫೆಕ್ಟ್ ಉಂಡೆಯಲ್ಲಿ ಶುರುವಿಗೆಂದು ಬೇರೆ ಬಣ್ಣದ ಎಳೆ ಇರುತ್ತದೆ, ಅದು ಮುಗಿಯುವಲ್ಲಿಂದ ಎರಡನ್ನೂ ಶುರು ಮಾಡಿದರಾಯಿತು. ಮಗಳು ಮತ್ತೆ ಬರುವಾಗ ಹೇಳಿ ನೋಡಿ.

ಗಂಟಿಗೆ ಬರೋಣ. ಗಿರಣಿಯಲ್ಲಿ ನೂಲು ತುಂಡಾದಾಗ ಕಟ್ಟಿ ಮುಂದುವರಿಸುತ್ತಾರೆ. ಬಣ್ಣದ ಸರದಿ ಕೂಡುತ್ತದೆಯೇ ಎಂದು ನೋಡಿರುವುದಿಲ್ಲ. ಒಳ್ಳೆಯ ಕಂಪನಿಯ ಉಂಡೆಯಲ್ಲೂ ಇದು ಸಿಗುತ್ತದೆ. ಗಂಟು ಕಂಡಾಗ ಅದನ್ನು ಹಾಗೇ ಹೆಣೆದುಬಿಡುವುದು ಸ್ವೆಟರಿನಲ್ಲಿ ನಡೆದೀತು. ಪಾದದಡಿಯಲ್ಲಿ ನಡೆಯುವುದಿಲ್ಲ, ಅದರಲ್ಲೂ ನಿಮ್ಮ ಯಜಮಾನರಿಗೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗಿದ್ದರೆ ಸಾಸಿವೆ ಕಾಳಿನಷ್ಟು ಗಂಟು ಒಂದು ಗಂಟೆ ಒತ್ತಿ ಗುಳ್ಳೆ ಎಬ್ಬಿಸಿದರೂ ಗೊತ್ತಾಗುವುದಿಲ್ಲ.

ಬಿಚ್ಚದೆಯೇ ಇದನ್ನು ಸರಿ ಮಾಡಬಹುದು. ಕಾಲುಚೀಲವನ್ನು ಒಳಮಗ್ಗುಲಾಗಿ ತಿರುಗಿಸಿ, ಗಂಟಿರುವ ಕುಣಿಕೆಯನ್ನು ಹುಡುಕಿ. ಉಲ್ಲನ್ ಸೂಜಿಗೆ 25 ಸೆಂ.ಮೀ. ಅದೇ ಬಣ್ಣದ ನೂಲು ಪೋಣಿಸಿ. ಗಂಟಿಗೆ ಎಂಟು ಕುಣಿಕೆ ಮುಂಚಿನಿಂದ ಶುರು ಮಾಡಿ, ಹೆಣೆದ ನೂಲು ಹೇಗೆ ಮೇಲೆ ಹೋಗಿ ಕೆಳಗೆ ಇಳಿದಿದೆಯೋ ಅದೇ ದಾರಿಯಲ್ಲಿ ಸೂಜಿ ಓಡಿಸಿ, ಗಂಟು ದಾಟಿ ಎಂಟು ಕುಣಿಕೆಯ ತನಕ. ಈಗ ಆ ಜಾಗದಲ್ಲಿ ನೂಲು ಜೋಡಿಯಾಗಿ ನಿಂತಿದೆ, ಗಂಟು ಇಲ್ಲದಿದ್ದರೂ ಬಿಡುವುದಿಲ್ಲ. ಆಮೇಲೆ ಸೂಜಿಯ ಮೊನೆಯಿಂದ ಗಂಟನ್ನು ಬಿಡಿಸಿ. ಬಿಡಿಸಲಾಗದಷ್ಟು ಗಟ್ಟಿಯಿದ್ದರೆ ಅದನ್ನು ಮಾತ್ರ ಕತ್ತರಿಸಿ, ತುದಿಗಳನ್ನು ಒಳಗೆ ನವಿರಾಗಿ ಹೊಕ್ಕಿಸಿ. ಮೊದಲು ಕತ್ತರಿಸಿ ಆಮೇಲೆ ನೂಲು ಓಡಿಸಲು ಹೋಗಬೇಡಿ. ಕುಣಿಕೆ ಜಾರಿದರೆ ಸಾಲು ಸಾಲೇ ಕೆಳಗಿಳಿಯುತ್ತದೆ.

ಗಂಟಿನಿಂದ ಆದ ಬಣ್ಣದ ಜಿಗಿತ? ಅದು ಶೂ ಒಳಗೆ ಇರುವಂಥದ್ದು, ನನ್ನ ಮಟ್ಟಿಗೆ ಬಿಟ್ಟುಬಿಡಬಹುದು. ಜೋಡಿ ಸರಿಯಾಗಲೇಬೇಕು ಎಂಬ ಹಟ ಇದ್ದರೆ ಎರಡನೆಯದರಲ್ಲೂ ಅದೇ ಜಾಗದಲ್ಲಿ ನೀಲಿ ಮೂರು ಸುತ್ತಾದ ಮೇಲೆ ಕತ್ತರಿಸಿ, ಉಳಿದ ನೀಲಿ 4 ಮೀಟರ್, ಕೆಂಪು ಆರೂವರೆ ಮೀಟರ್ ತೆಗೆದಿಟ್ಟು ಅರಿಶಿನದಿಂದ ಮುಂದುವರಿಯಿರಿ. ಎರಡೂವರೆ ಗ್ರಾಂ ಹೋಗುತ್ತದೆ, ಅಷ್ಟೇ. ಹೊಸ ನೂಲು ಸೇರಿಸುವಾಗ ಗಂಟು ಹಾಕದೆ ಹಳೆಯ ತುದಿ, ಹೊಸ ತುದಿ ಎರಡನ್ನೂ ಒಟ್ಟಿಗೆ ಹಿಡಿದು 10-12 ಕುಣಿಕೆ ಹೆಣೆಯಿರಿ. ಮುಂದಿನ ಸುತ್ತಿನಲ್ಲಿ ಆ ಜೋಡಿ ಎಳೆಯನ್ನು ಒಂದೇ ಕುಣಿಕೆ ಎಂದು ಎಣಿಸುವುದು ಮರೆಯಬೇಡಿ. ಕೆಲವರು ಎಂಜಲು ಹಚ್ಚಿ ಅಂಗೈಯಲ್ಲಿ ಉಜ್ಜಿ ಎರಡು ತುದಿ ಬೆಸೆಯುವ ಉಪಾಯ ಹೇಳುತ್ತಾರೆ. ಅದು ಸಂಸ್ಕರಿಸದ ಉಣ್ಣೆಗೆ ಸರಿ. ಈ ನೂಲು ಬೆಸೆಯುವುದಿಲ್ಲ, ಕಾರಣ ಮುಂದೆ ಇದೆ.

ಈಗ ಎರಡನೆಯದರ ಹಿಮ್ಮಡಿ ಹೇಗೆ ಮಾಡಬೇಕು ಎಂಬುದು. ಜೋಡಿ ಒಂದಾಗಬೇಕಾದರೆ ಅದೇ ಫ್ಲ್ಯಾಪ್ ಮಾಡಿ, ನನ್ನ ಸಲಹೆಯೂ ಅದೇ. ಜಾರಿಸಿದ ಕುಣಿಕೆಗಳ ಹಿಂದೆ ನೂಲಿನ ಇನ್ನೊಂದು ಪದರ ಇರುವುದರಿಂದ ಈ ಹಿಮ್ಮಡಿ ದಪ್ಪವಾಗಿ, ಶೂ ಉಜ್ಜುವಿಕೆಗೆ ಹೆಚ್ಚು ದಿನ ಬಾಳುತ್ತದೆ. ಪಾದದ ಮೇಲ್ಭಾಗ ಎತ್ತರ ಇದ್ದವರಿಗೆ ಪಕ್ಕದ ತ್ರಿಕೋನ ಬೇಕಾದಷ್ಟು ಜಾಗ ಕೊಡುತ್ತದೆ. ದಿನಾ ನಡೆಯುವವರ ಕಾಲಿಗೆ ಪಟ್ಟೆಯ ಅಂದಕ್ಕಿಂತ ಇದು ಮುಖ್ಯ.

ಮುಂದಿನ ಜೋಡಿಗೆ ಬೇರೆ ದಾರಿಗಳಿವೆ. ಎಲ್ಲಕ್ಕಿಂತ ಅಗ್ಗದ್ದು, ಫ್ಲ್ಯಾಪ್ ಮಾಡಿಯೂ ಪಾದದ ಮೇಲೆ ಪಟ್ಟೆ ತುಂಡಾಗದಂತೆ ನೋಡಿಕೊಳ್ಳುವುದು. ಹಿಮ್ಮಡಿ 13 ಮೀಟರ್ ತಿಂದಿತು, ಇಡೀ ಆವರ್ತ 26. ಅಂಚು ಎತ್ತಿಕೊಂಡಾದ ಮೇಲೆ ಇನ್ನೂ 13 ಮೀಟರ್ ಕತ್ತರಿಸಿ ತೆಗೆದರೆ, ಹಸಿರು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಸಿರು ಮುಂದುವರಿಯುತ್ತದೆ. ಒಂದು ಕಾಲಿಗೆ 3 ಗ್ರಾಂ ವೆಚ್ಚ. ಕತ್ತರಿಸಿದ ಎರಡು ತುದಿ ಹೊಕ್ಕಿಸುವ ಕೆಲಸ ಹೆಚ್ಚು, ಹಿಮ್ಮಡಿಯ ಅಗಲ ಪಟ್ಟೆ ಮಾತ್ರ ಹಾಗೇ ಉಳಿಯುತ್ತದೆ.

ಅದೂ ಬೇಡವಾದರೆ ಹಿಮ್ಮಡಿಯನ್ನು ಬೇರೆ ಒಂದೇ ಬಣ್ಣದ ನೂಲಿನಲ್ಲಿ ಹೆಣೆಯಬಹುದು. ಪಟ್ಟೆ ನೂಲನ್ನು ನಿಂತಲ್ಲೇ ಬಿಟ್ಟು, ಹಿಮ್ಮಡಿ ಮುಗಿಸಿ ಬಂದು ಎತ್ತಿಕೊಂಡರಾಯಿತು. ಒಂದು ಹಿಮ್ಮಡಿಗೆ 4 ಗ್ರಾಂ ಇಟ್ಟುಕೊಳ್ಳಿ. ಅದೇ ದಪ್ಪ, ಅದೇ ಉಣ್ಣೆ-ಪಾಲಿಅಮೈಡ್ ಮಿಶ್ರಣ ಇರಲಿ. ಮನೆಯಲ್ಲಿ ಉಳಿದ ಬೇಬಿ ಉಲ್ಲನ್ ಹಾಕುವ ಆಸೆಯಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಅಕ್ರಿಲಿಕ್. ಬೆವರು ಹೀರುವುದಿಲ್ಲ, ಉಜ್ಜಾಟಕ್ಕೆ ಬೇಗ ಗುಂಜು ಏಳುತ್ತದೆ. ಗಾಢ ಕೆಂಪು, ಗಾಢ ನೀಲಿ ಹಾಕುವುದಾದರೆ ಮೊದಲು ಒಂದು ತುಂಡನ್ನು ಬಿಸಿನೀರಲ್ಲಿ ಅದ್ದಿ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ.

ಪಟ್ಟೆ ಎಲ್ಲಿಯೂ ಕದಡದೆ ಬರಬೇಕಾದರೆ ಕೊನೆಯಲ್ಲಿ ಕೂರಿಸುವ ಹಿಮ್ಮಡಿ ಮಾಡಬೇಕು. ಕಾಲುಚೀಲವನ್ನು ನೇರ ಕೊಳವೆಯಂತೆ ಹೆಣೆಯುತ್ತಾ ಹೋಗುವುದು. ಹಿಮ್ಮಡಿ ಬರಬೇಕಾದ ಜಾಗದಲ್ಲಿ 32 ಕುಣಿಕೆಯನ್ನು ಎದ್ದು ಕಾಣುವ ಬಣ್ಣದ ನುಣ್ಣನೆಯ ಹತ್ತಿ ದಾರದಲ್ಲಿ ಹೆಣೆದು, ಆ 32ನ್ನು ಪುನಃ ಎಡಗಡ್ಡಿಗೆ ಜಾರಿಸಿ, ಪಟ್ಟೆ ನೂಲಿನಲ್ಲಿ ಅದರ ಮೇಲೇ ಹೆಣೆದು ಮುಂದುವರಿಯುವುದು. ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಪಟ್ಟೆ ಎಂಟೆಂಟೇ ಬರುತ್ತದೆ. ಬೆರಳ ತುದಿ ಮುಗಿದ ಮೇಲೆ ಹತ್ತಿ ದಾರದ ಕೆಳಗಿನ 32, ಮೇಲಿನ 32 ಕುಣಿಕೆಗಳ ಬಲಬದಿಯ ಎಳೆಯನ್ನು ಕಡ್ಡಿಗೆ ಎತ್ತಿಕೊಂಡು, ಆಮೇಲಷ್ಟೇ ದಾರವನ್ನು ಒಂದೊಂದು ಕುಣಿಕೆಯಾಗಿ ಎಳೆದು ತೆಗೆಯಿರಿ. ಎರಡು ಮೂಲೆಯಲ್ಲಿ ತೂತು ಬೀಳುತ್ತದೆ. ಅಲ್ಲಿ ಎರಡೆರಡು ಕುಣಿಕೆಯನ್ನು ತಿರುಚಿ ಎತ್ತಿಕೊಂಡು, ಒಟ್ಟು 68 ಮಾಡಿಕೊಂಡು, ಎರಡು ಸುತ್ತು ಸುಮ್ಮನೆ ಹೆಣೆಯಿರಿ. ಬಳಿಕ ಸುತ್ತು ಬಿಟ್ಟು ಸುತ್ತಿಗೆ ನಾಲ್ಕು ಕುಣಿಕೆ ಕಡಿಮೆ ಮಾಡುತ್ತಾ 24ಕ್ಕೆ ತಂದು, 12ಕ್ಕೆ 12 ಎದುರುಬದುರು ಇಟ್ಟು ಸೂಜಿಯಿಂದ ಕುಣಿಕೆಗೆ ಕುಣಿಕೆ ಸೇರಿಸಿ ಹೊಲಿದುಬಿಡಿ. ಹಿಮ್ಮಡಿಯ ಮೇಲೆ ಬಣ್ಣ ಉಂಗುರ ಉಂಗುರವಾಗಿ ಕೂರುತ್ತದೆ, ನೋಡಲು ಬಹಳ ಚೆಂದ.

ಇದರ ತೊಂದರೆಯೂ ಹೇಳಿಬಿಡುತ್ತೇನೆ. ಇದು ಫ್ಲ್ಯಾಪಿನಷ್ಟು ಆಳವಿರುವುದಿಲ್ಲ. ಪಾದ ಎತ್ತರ ಇದ್ದವರಿಗೆ ಕಣಕಾಲಿನ ಮುಂದೆ ಅಡ್ಡಕ್ಕೆ ಎಳೆದು ಹಿಡಿಯುತ್ತದೆ. 32ರ ಬದಲು 36 ಕುಣಿಕೆಗೆ ಹತ್ತಿ ದಾರ ಹಾಕಿ, ಮೊದಲ ಸುಮ್ಮನೆಯ ಸುತ್ತನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರೆ ಸ್ವಲ್ಪ ಸಡಿಲ ಸಿಗುತ್ತದೆ. ಉದ್ದ ತಪ್ಪುವುದೂ ಸಾಮಾನ್ಯ. ಹಿಮ್ಮಡಿ ಆಮೇಲೆ ಸುಮಾರು 5 ಸೆಂ.ಮೀ. ಸೇರಿಸುತ್ತದೆ ಎಂಬುದು ಹೆಣೆಯುವಾಗ ನೆನಪಿಗೆ ಬರುವುದಿಲ್ಲ. 25 ಸೆಂ.ಮೀ.ನ ಕಾಲುಚೀಲ ಬೇಕಾದರೆ ಹತ್ತಿ ದಾರದಿಂದ ಬೆರಳ ತುದಿ ಶುರುವಾಗುವ ತನಕ 15 ಸೆಂ.ಮೀ. ಮಾತ್ರ.

ಸಾಲು ಸಾಲು ಚಿಕ್ಕದಾಗಿಸಿ ಮತ್ತೆ ದೊಡ್ಡದಾಗಿಸುವ ಶಾರ್ಟ್ ರೋ ಹಿಮ್ಮಡಿಯೂ ಇದೆ. ಪಕ್ಕದ ತ್ರಿಕೋನ ಇಲ್ಲದ್ದರಿಂದ ಪಾದದಲ್ಲಿ ಪಟ್ಟೆ ಕಿರಿದಾಗುವುದಿಲ್ಲ, ಆದರೆ ಮೇಲ್ಭಾಗ ಕಾಯಲೇಬೇಕು, ಹಾಗಾಗಿ ಜಿಗಿತ ಇದ್ದೇ ಇರುತ್ತದೆ. ಫ್ಲ್ಯಾಪ್ ಚೆನ್ನಾಗಿ ಬರುವವರು ಅದನ್ನು ಕಲಿಯಲು ಅವಸರಪಡಬೇಕಾಗಿಲ್ಲ.

ಕಡ್ಡಿಯ ಬಗ್ಗೆ ಒಂದೆರಡು ಮಾತು, ಏಕೆಂದರೆ ಸ್ವೆಟರಿನ ಕೈ ಇರುವವರು ಇಲ್ಲಿ ಎಡವುತ್ತಾರೆ. ಹಳೆಯ ನಂಬರಿನಲ್ಲಿ 12 ಅಂದರೆ 2.75 ಮಿ.ಮೀ., 13 ಅಂದರೆ 2.25. ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ. ಕಾಲುಚೀಲದ ಬಟ್ಟೆ ಸ್ವೆಟರಿಗಿಂತ ಒತ್ತಾಗಿರಬೇಕು. ಕೈಗೆ ಮೃದುವಾಗಿ ಸಡಿಲವಾಗಿದ್ದರೆ ನೂಲು ಶೂ ಒಳಗೆ ಅಲುಗಾಡಿ, ಉಜ್ಜಿ, ಬೇಗ ಸವೆಯುತ್ತದೆ. ಸುತ್ತಳತೆ ಪಾದಕ್ಕಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ ಇರಬೇಕು. ನಿಮ್ಮ 64 ಕುಣಿಕೆ 21 ಸೆಂ.ಮೀ. ಚಿಲ್ಲರೆ ಆಗುತ್ತದೆ, 24 ಸೆಂ.ಮೀ. ಸುತ್ತಳತೆಯ ಪಾದಕ್ಕೆ ಸರಿ. ಯಜಮಾನರ ಪಾದವನ್ನು ಬೆರಳುಗಳ ಬುಡದಲ್ಲಿ ಒಮ್ಮೆ ಅಳೆದು ನೋಡಿ. ಕಫ್ (ಬಾಯಂಚು) ಬಿಗಿಯಾಗಿ ಕಾಲಿನ ಮೇಲೆ ಗುರುತು ಮೂಡುತ್ತಿದ್ದರೆ ಎರಡನೆಯದರಲ್ಲಿ ಕುಣಿಕೆ ಏರಿಸುವಾಗ ಎರಡು ಕಡ್ಡಿ ಜೋಡಿಸಿ ಹಿಡಿದು ಏರಿಸಿ. ಮೊದಲನೆಯದರ ಅಂಚನ್ನೂ ಬಿಚ್ಚಿ ಸಡಿಲವಾಗಿ ಮುಗಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಬಿಗಿ ಅಂಚು ಬೇಡವೇ ಬೇಡ. ಎರಡು ಕಡ್ಡಿ ಕೂಡುವಲ್ಲಿ ಏಣಿಯಂಥ ಗೆರೆ ಬರುತ್ತಿದ್ದರೆ, ಹೊಸ ಕಡ್ಡಿಯ ಮೊದಲ ಕುಣಿಕೆಯನ್ನಲ್ಲ, ಎರಡನೆಯದನ್ನು ಹೆಣೆದು ನೂಲು ಎಳೆಯಿರಿ.

ನಾದಿನಿಯವರ ಮಾತಿನಲ್ಲಿ ಅರ್ಧ ನಿಜ ಇದೆ. ಉಣ್ಣೆ ಕಡಿಯುವುದು ಮುಖ್ಯವಾಗಿ ಸೆಕೆಯಿಂದಲ್ಲ, ಎಳೆಯ ದಪ್ಪದಿಂದ. 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಾಟಿದ ಒರಟು ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ. ಕಾಲುಚೀಲದ ನೂಲಿನ ಉಣ್ಣೆ ಸಾಮಾನ್ಯವಾಗಿ ಅದಕ್ಕಿಂತ ನಯ. ನಮ್ಮ ಬನ್ನೂರು ಕುರಿಯ ಉಣ್ಣೆಯಲ್ಲೇ ಯಾಕೆ ಮಾಡಬಾರದು ಎಂದು ಮೈಸೂರು, ಮಂಡ್ಯದ ಕಡೆಯವರು ಕೇಳುವುದುಂಟು. ಆ ಕುರಿ ಹೆಸರುವಾಸಿ ಆಗಿರುವುದು ಮಾಂಸಕ್ಕೆ, ಅದರ ಉಣ್ಣೆ ಒರಟು, ಕಾಲಿಗೆ ಸುತ್ತಿಕೊಳ್ಳುವಂಥದ್ದಲ್ಲ. ಇನ್ನು ಸೆಕೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಕೈಗೆ ಒದ್ದೆ ಎನಿಸುವುದಿಲ್ಲ, ಹಾಗಾಗಿ ನಡೆಯುವಾಗ ನೈಲಾನ್ ಕಾಲುಚೀಲಕ್ಕಿಂತ ಪಾದ ಒಣಗಿರುತ್ತದೆ. ಆದರೂ ಮಾರ್ಚಿನಿಂದ ಮೇ ತನಕ ನಮ್ಮಲ್ಲಿ ಇದು ಬೇಡ. ಮಳೆಗಾಲದ ತಣ್ಣನೆ ಬೆಳಗು, ಡಿಸೆಂಬರ್ ಜನವರಿಯ ಇಬ್ಬನಿಯ ಹೊತ್ತಿನ ನಾಲೆ ಏರಿ, ಮನೆಯೊಳಗೆ ತಣ್ಣಗಿರುವ ಮಾರ್ಬಲ್ ನೆಲ, ಇವಕ್ಕೆ ಹೇಳಿಮಾಡಿಸಿದ್ದು. ವಾಕಿಂಗ್ ಮುಗಿಸಿ ಬಂದ ಮೇಲೆ ಯಜಮಾನರು ಪಾದದಡಿ ಒಮ್ಮೆ ನೋಡಿಕೊಳ್ಳಲಿ. ಗಾಢ ಬಣ್ಣದ ಮೇಲೆ ಗಾಯದ ಕಲೆ ಬೇಗ ಕಾಣುವುದಿಲ್ಲ, ಆದ್ದರಿಂದ ಕಾಲುಚೀಲ ನೋಡಿದರೆ ಸಾಲದು, ಕಾಲನ್ನೇ ನೋಡಬೇಕು. ಸ್ಪರ್ಶ ಪೂರ್ತಿ ಮಂದವಾಗಿದ್ದರೆ ಯಾವ ಕಾಲುಚೀಲ ಹಾಕಬೇಕು ಎಂಬುದನ್ನು ಅವರ ವೈದ್ಯರನ್ನೇ ಕೇಳಿ.

ಒಗೆದರೆ ಕುಗ್ಗುವ ವಿಷಯ: ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಪದರಗಳಿರುತ್ತವೆ. ಬಿಸಿ, ನೀರು, ಉಜ್ಜಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಸೂಪರ್‌ವಾಶ್ ಎಂದಿರುವ ನೂಲಿನಲ್ಲಿ ಆ ಪೊರೆಗಳನ್ನು ಕ್ಲೋರಿನ್‌ನಿಂದ ತಗ್ಗಿಸಿ, ಮೇಲೆ ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಎಂಜಲು ಹಚ್ಚಿದರೂ ತುದಿಗಳು ಬೆಸೆಯದಿರುವುದು ಇದಕ್ಕೇ. ಲೇಬಲ್ ಮೇಲೆ ನೀರಿನ ತೊಟ್ಟಿಯ ಚಿತ್ರ, ಅದರೊಳಗೆ 40 ಎಂದು ಇದ್ದರೆ 40 ಡಿಗ್ರಿ ತನಕ ಮಷೀನಿನಲ್ಲೂ ಹಾಕಬಹುದು. ಕೈಯಲ್ಲಿ ಒಗೆಯುವುದೇ ಮೇಲು. ಐದಾರು ಅಂಟುವಾಳಕಾಯಿಯ ಸಿಪ್ಪೆ ರಾತ್ರಿ ನೆನೆಸಿ, ಆ ನೀರು ಸೋಸಿ, ಬೋಗುಣಿ ತಣ್ಣೀರಿಗೆ ಬೆರೆಸಿ 15 ನಿಮಿಷ ನೆನೆಹಾಕಿ, ಮೆಲ್ಲಗೆ ಹಿಸುಕಿ ತೆಗೆದರೆ ಸಾಕು. ಬಟ್ಟೆ ಸೋಡಾ, ಬ್ಲೀಚು ತಾಗಿಸಬೇಡಿ, ಕ್ಷಾರ ಉಣ್ಣೆಯನ್ನು ತಿನ್ನುತ್ತದೆ. ಒಗೆಯುವ ಕಲ್ಲಿನ ಮೇಲೆ ಬಡಿಯುವುದಂತೂ ಬೇಡ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಿ. ಎತ್ತಿಡುವ ಮುಂಚೆ ಒಗೆದೇ ಇಡಿ. ನುಸಿ ಹೆಚ್ಚಾಗಿ ಬರುವುದು ಬೆವರು, ಎಣ್ಣೆ ಅಂಟಿದ ಉಣ್ಣೆಗೆ.

ಎರಡೂ ಮುಗಿದ ಮೇಲೆ ನಿಮ್ಮಲ್ಲಿ 20 ಗ್ರಾಂ ಆಸುಪಾಸು ನೂಲು ಉಳಿಯುತ್ತದೆ. ಎಸೆಯಬೇಡಿ. ಕಾಲುಚೀಲದ ಜೊತೆಗೇ ಒಮ್ಮೆ ಒಗೆದು ಇಟ್ಟುಕೊಳ್ಳಿ, ರಿಪೇರಿ ಮಾಡುವ ಹೊತ್ತಿಗೆ ಅದರ ಬಣ್ಣ ಕಾಲುಚೀಲದ ಬಣ್ಣಕ್ಕೆ ಸ್ವಲ್ಪ ಹತ್ತಿರವಾಗಿರುತ್ತದೆ. ತಿಂಗಳಿಗೊಮ್ಮೆ ಹಿಮ್ಮಡಿಯೊಳಗೆ ಕೈ ಹಾಕಿ ಕಿಟಕಿಗೆ ಹಿಡಿದು ನೋಡಿ. ಬೆಳಕು ಎಲ್ಲಿ ಹೆಚ್ಚು ತೂರುತ್ತದೋ ಅಲ್ಲಿ, ತೂತಾಗುವ ಮುಂಚೆಯೇ, ಗಂಟಿನ ಜಾಗದಲ್ಲಿ ಮಾಡಿದಂತೆ ಅದೇ ದಾರಿಯಲ್ಲಿ ಇನ್ನೊಂದು ಎಳೆ ಓಡಿಸಿಬಿಡಿ.